ಎರಡು ಬಾಟಲಿ, ಒಂದೇ ಹೊಟ್ಟೆ

ಮಾಸೂರಿನ ದ್ಯಾಮಪ್ಪನ ಮನೆಯ ಹಿತ್ತಲಲ್ಲಿ ಪಾಯಖಾನೆ ಕಟ್ಟಿಸಿ ವರ್ಷಗಳಾದವು. ಆದರೂ ಅಲ್ಲಿಗೆ ಹೋಗುತ್ತೇನೆ ಎಂದು ಆ ಮನುಷ್ಯ ಒಂದು ದಿನವೂ ಬಾಯಿಬಿಟ್ಟು ಹೇಳಿದ್ದಿಲ್ಲ. "ಹೊಲದ ಕಡೆ ಹೋಗಿ ಬರ್ತೇನಿ" ಎಂದು ಹೆಗಲಿಗೆ ಟವೆಲ್ ಹಾಕಿಕೊಂಡು ಹಿತ್ತಲಿಗೆ ನಡೆಯುತ್ತಿದ್ದ. ಕಟ್ಟಿಸುವಾಗ ಬಾಗಿಲು ಯಾರ ಕಣ್ಣಿಗೂ ಬೀಳಬಾರದೆಂದು ಗೌಂಡಿಯ ಜೊತೆ ಜಗಳ ತೆಗೆದು ಅದನ್ನು ಕಾಂಪೌಂಡ್ ಗೋಡೆಯ ಕಡೆಗೆ ಇಡಿಸಿದ್ದ. ಒಳಗೆ ಹೋಗಬೇಕಾದರೆ ಈಗಲೂ ಅಡ್ಡಡ್ಡ ನುಸುಳಬೇಕು. ಮನೆಗೆ ಬಂದ ಬೀಗರು ಒಂದು ಸುತ್ತು ಹಾಕಿ, ಬಾಗಿಲೇ ಸಿಗದೆ ವಾಪಸು ಬಂದದ್ದೂ ಉಂಟು.

ಇದನ್ನು ಮೊದಲೇ ಹೇಳಿಬಿಡಬೇಕು. ಇಲ್ಲದಿದ್ದರೆ ಮುಂದೆ ನಡೆದದ್ದು ನಿಮಗೆ ಕಟ್ಟುಕತೆ ಅನ್ನಿಸುತ್ತದೆ. ನಮ್ಮೂರಿನಲ್ಲಿ ಮದಗದ ಕೆರೆಯ ನೀರಿನ ಪಾಳಿಗೆ ಜಗಳ ಹತ್ತಿದರೆ ಬಿಡಿಸಲು ಕರೆಯುವುದು ದ್ಯಾಮಪ್ಪನನ್ನೇ. ಅಂಥವನ ಎದುರಿಗೆ ಯಾರೂ ಹೊಟ್ಟೆಯ ಕೆಳಗಿನ ಮಾತು ಆಡುತ್ತಿರಲಿಲ್ಲ. ಒಬ್ಬ ಭೇದಿ ಹತ್ತಿದೆ ಎಂದು ಹೇಳಲು ಹೋಗಿ, ಅವನ ಮುಖ ನೋಡಿ, "ಮೈಯಾಗ ಅರಾಮಿಲ್ರಿ" ಎಂದು ಮುಗಿಸಿದ್ದನ್ನು ನಾನೇ ಕೇಳಿದ್ದೇನೆ. ಆ ಗತ್ತು ಅವನಿಗೆ ಒಪ್ಪುತ್ತಿತ್ತು, ಇಲ್ಲವೆನ್ನುವುದಿಲ್ಲ. ಆದರೆ ಗತ್ತನ್ನು ಚಪ್ಪಲಿಯ ಜೊತೆ ಹೊರಗೆ ಬಿಟ್ಟು ಬರದ ಗಂಡಸಿನ ಜೊತೆ ಸಂಸಾರ ಮಾಡುವುದು ಹೆಂಡತಿಗೆ ಕಷ್ಟ.

ಹೆಂಡತಿ ಶಿವಬಸವ್ವ ಬೇರೆ ಯಾರೂ ಅಲ್ಲ, ಅಬಲೂರಿಗೆ ಕೊಟ್ಟಿದ್ದ ಅವನ ಅಕ್ಕನ ಮಗಳೇ. ಅಕ್ಕ ಸಾಯುವ ಮೊದಲು ಮಗಳನ್ನು ತಮ್ಮನ ಕೈಗೆ ಒಪ್ಪಿಸಿದ್ದಳು. ಚಿಕ್ಕಂದಿನಲ್ಲಿ ಇದೇ ಮಾವನ ಹೆಗಲ ಮೇಲೆ ಕೂತು ಅವನ ಕೂದಲು ಜಗ್ಗಿದವಳು, ಮದುವೆಯಾದ ಮೇಲೆ ಅವನೆದುರು ತಲೆಯ ಮೇಲಿನ ಸೆರಗು ಜಾರಲು ಬಿಟ್ಟವಳಲ್ಲ. ಅವನು ಅವಳಿಗೆ ಎಂದೂ ಗದರಿಸಿದ್ದಿಲ್ಲ. ಗದರಿಸಲಿ ಬಿಡಲಿ, ಅವನಿಗೆ ಹೇಳಬಾರದ ಮಾತುಗಳ ಗಂಟು ಅವಳ ಬಳಿ ದೊಡ್ಡದೇ ಇತ್ತು. ಯುಗಾದಿಯ ಆಸುಪಾಸಿನಿಂದ ಹಿತ್ತಲಿಗೆ ಹೋದಾಗ ಒಂದೊಂದು ಸಲ ರಕ್ತ ಕಾಣುತ್ತಿದ್ದುದೂ ಆ ಗಂಟಿಗೆ ಸೇರಿತ್ತು. ಮೂಲವ್ಯಾಧಿ ಇರಬೇಕೆಂದು ಖಾರ ಕಡಿಮೆ ಮಾಡಿ, ಮಜ್ಜಿಗೆ ಜಾಸ್ತಿ ಮಾಡಿ ಸುಮ್ಮನಾಗಿದ್ದಳು. ಸೊಸೆ ನೀಲಾಂಬಿಕಾಗೆ ಹೇಳಿದರೆ ಅವಳು ಗಂಡ ಚನ್ನೇಶನಿಗೆ ಹೇಳುತ್ತಾಳೆ, ಚನ್ನೇಶ ಅಪ್ಪನಿಗೆ. ಅದಕ್ಕಿಂತ ಮಜ್ಜಿಗೆಯೇ ವಾಸಿ ಅನ್ನಿಸಿತ್ತು.

ಹೀಗಿರುವಾಗ ಊರಿಗೆ ಸಂಶೋಧನೆ ಬಂತು. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳಲ್ಲಿ ಐವತ್ತು ದಾಟಿದವರ ಮಲವನ್ನು ಪರೀಕ್ಷೆ ಮಾಡುವುದು, ಕಣ್ಣಿಗೆ ಕಾಣದಷ್ಟು ರಕ್ತ ಅದರಲ್ಲಿ ಸಿಕ್ಕರೂ ಅಂಥವರ ದೊಡ್ಡಕರುಳನ್ನು ಕ್ಯಾಮೆರಾ ಹಾಕಿ ನೋಡುವುದು, ಹೀಗೆ ಮಾಡಿದರೆ ಕರುಳಿನ ಕ್ಯಾನ್ಸರ್ ಬೇಗ ಕೈಗೆ ಸಿಗುತ್ತದೆಯೇ ಎಂದು ತಿಳಿಯುವುದು. ಹುಬ್ಬಳ್ಳಿಯ ಒಂದು ಆಸ್ಪತ್ರೆಯ ಡಾಕ್ಟರ್ ಪ್ರಭು ಇದರ ಮುಖ್ಯಸ್ಥರು. ಮೊದಲು ಶಾಲೆಯಲ್ಲಿ ಕ್ಯಾಂಪ್ ಮಾಡಿ ಬಿಪಿ ನೋಡಿದರು, ಶುಗರಿಗೆ ರಕ್ತ ತೆಗೆದರು. ದ್ಯಾಮಪ್ಪ ಎಲ್ಲರಿಗಿಂತ ಮುಂಚೆ ಹೋಗಿ ತೋಳು ಚಾಚಿ ರಕ್ತ ಕೊಟ್ಟು ಬಂದ. ಆಮೇಲೆ ನಮ್ಮೂರಿನ ಆಶಾ ಕಾರ್ಯಕರ್ತೆ ಕುಲಸುಮಬಿ ಮನೆಮನೆಗೆ ಬಾಟಲಿ ಹಂಚಲು ಬಂದಳು. ಹೆಬ್ಬೆರಳಿನಷ್ಟು ಬಾಟಲಿ, ಮುಚ್ಚಳಕ್ಕೇ ಅಂಟಿಕೊಂಡ ಒಂದು ಕಡ್ಡಿ, ಮೇಲೆ ಹೆಸರಿನ ಚೀಟಿ.

ಕುಲಸುಮಬಿ ಅಡುಗೆಮನೆಯಲ್ಲಿ ಶಿವಬಸವ್ವನಿಗೆ ಎಲ್ಲವನ್ನೂ ಬಿಡಿಸಿ ಹೇಳಿ, ಕಟ್ಟೆಯ ಮೇಲೆ ಕೂತ ದ್ಯಾಮಪ್ಪನ ಹತ್ತಿರ ಬಂದಳು.

"ಅಣ್ಣಾರ, ಅಕ್ಕಾರ ಕೈಯಾಗ ಬಾಟ್ಲಿ ಕೊಟ್ಟೇನ್ರಿ. ನಿಮ್ದೂ ಒಂದ ಐತಿ. ನಾಳೆ ಮುಂಜಾನೆ ಬಂದು ಇಸ್ಕೊಂಡ ಹೋಗ್ತೇನಿ."

ದ್ಯಾಮಪ್ಪ ಅವಳ ಕೈಯಲ್ಲಿದ್ದ ಚೀಲವನ್ನು ನೋಡಿದ, ಆಮೇಲೆ ಬೀದಿ ನೋಡಿದ. "ರಕ್ತ ಬೇಕಂದ್ರಿ, ಕೊಟ್ಟೇನಿ. ಅಷ್ಟ ಸಾಕು. ಈ ಸುದ್ದಿ ಇಲ್ಲಿ ತರಬ್ಯಾಡ ತಂಗಿ."

ಮರುದಿನ ಬೆಳಿಗ್ಗೆ ಶಿವಬಸವ್ವನ ಎದುರಿಗೆ ಎರಡು ಬಾಟಲಿಗಳಿದ್ದವು. ಗಂಡ ಕೊಡುವವನಲ್ಲ. ಖಾಲಿ ಬಾಟಲಿ ಹಿಡಿದು ಹೋದರೆ ಕುಲಸುಮಬಿ ಮೇಲಿನವರ ಕೈಯಲ್ಲಿ ಬೈಸಿಕೊಳ್ಳುತ್ತಾಳೆ. ಶಿವಬಸವ್ವ ಯೋಚಿಸಿದಳು. ಇಬ್ಬರೂ ಉಣ್ಣುವುದು ಒಂದೇ ಬುಟ್ಟಿಯ ರೊಟ್ಟಿ, ಕುಡಿಯುವುದು ಒಂದೇ ಕೊಡದ ನೀರು. ಅದೂ ಅಲ್ಲದೆ ಅವನು ತನ್ನ ಸೋದರಮಾವ, ಮೈಯಲ್ಲಿ ಹರಿಯುವುದೂ ಒಂದೇ ಮನೆಯ ರಕ್ತ. ಅವನ ಹೊಟ್ಟೆಯಲ್ಲಿ ಇರುವುದು, ತನ್ನ ಹೊಟ್ಟೆಯಲ್ಲಿ ಇಲ್ಲದ್ದು ಏನಿದ್ದೀತು? ಒಂದೇ ಸಲಕ್ಕೆ ಎರಡೂ ಕಡ್ಡಿ ಅದ್ದಿ, ಎರಡೂ ಮುಚ್ಚಳ ಬಿಗಿಮಾಡಿ, ಕೈ ತೊಳೆದುಕೊಂಡು ಬಂದಳು. ಮೋಸ ಮಾಡುತ್ತಿದ್ದೇನೆ ಎಂದು ಅವಳಿಗೆ ಅನ್ನಿಸಲಿಲ್ಲ. ಮನೆಗೆ ಬಂದ ಹೆಣ್ಣುಮಗಳನ್ನು ಬರಿಗೈಯಲ್ಲಿ ಕಳಿಸಲಿಲ್ಲ ಎಂಬ ಸಮಾಧಾನವೇ ಇತ್ತು.

ಎರಡು ವಾರ ಕಳೆದ ಮೇಲೆ ಕುಲಸುಮಬಿ ಮತ್ತೆ ಅಂಗಳದಲ್ಲಿ ನಿಂತಳು. ಹೋದ ಸಲದ ಮಾತು ನೆನಪಿಟ್ಟುಕೊಂಡು, ಹೇಳಬಾರದ ಶಬ್ದವೊಂದನ್ನೂ ಹೇಳದೆ ಸುದ್ದಿ ಮುಟ್ಟಿಸಿದಳು. "ಅಣ್ಣಾರ, ಆ ಟೆಸ್ಟಿನಾಗ ನಿಮ್ದೂ ಅಕ್ಕಾರ್ದೂ ಇಬ್ಬರ್ದೂ ಪಾಸಿಟಿವ್ ಬಂದೈತ್ರಿ. ಕ್ಯಾನ್ಸರ್ ಐತಿ ಅಂತಲ್ಲ. ಆದ್ರ ಹುಬ್ಬಳ್ಳಿಗೆ ಹೋಗಿ ಕರುಳು ನೋಡಿಸ್ಬೇಕಂತ."

ದ್ಯಾಮಪ್ಪ ಹೆಚ್ಚಿಗೆ ಕೇಳಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಮಗನಿಗೆ ಹೇಳಿದ: "ಅವತ್ತ ಸಾಲ್ಯಾಗ ರಕ್ತ ತಗೊಂಡಿದ್ರಲ್ಲ, ಅದರಾಗ ಏನೋ ಕಂಡೈತಂತ. ನನ್ನದ್ರಾಗೂ, ನಿಮ್ಮವ್ವಂದ್ರಾಗೂ."

ಶಿವಬಸವ್ವ ಸಾರು ಬಡಿಸುತ್ತಿದ್ದಳು. ಎರಡೂ ನನ್ನದೇ ಎಂದು ಆಗಲೇ ಹೇಳಿಬಿಡಬಹುದಿತ್ತು. ಆದರೆ ಮಗ, ಸೊಸೆ, ಉಣ್ಣುತ್ತಿರುವ ಗಂಡ, ಇವರೆಲ್ಲರ ನಡುವೆ ಆ ಮಾತು ತೆಗೆಯುವುದು ಹೇಗೆ? ಅವಳು ತನ್ನಷ್ಟಕ್ಕೆ ಒಂದು ಲೆಕ್ಕ ಹಾಕಿದಳು. ಅವನನ್ನೂ ನೋಡುತ್ತಾರೆ, ತನ್ನನ್ನೂ ನೋಡುತ್ತಾರೆ. ಅವನಿಗೆ ಏನೂ ಇರುವುದಿಲ್ಲ, ತನಗೆ ಏನಿದೆಯೋ ತಿಳಿಯುತ್ತದೆ. ಯಾರ ಮರ್ಯಾದೆಯೂ ಹೋಗುವುದಿಲ್ಲ. ಲೆಕ್ಕವೇನೋ ಚೆನ್ನಾಗಿಯೇ ಇತ್ತು.

ಹುಬ್ಬಳ್ಳಿಯಲ್ಲಿ ಡಾಕ್ಟರ್ ಪ್ರಭು ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಮದುವೆಗೆ ಮೊದಲೇ ನಿಮ್ಮಿಬ್ಬರ ನಡುವೆ ರಕ್ತಸಂಬಂಧ ಇತ್ತೇ ಎಂದು ಕೇಳಿದರು. ಅಕ್ಕನ ಮಗಳು ಎಂದು ತಿಳಿದದ್ದೇ ತಡ, ಅವರ ಕಣ್ಣು ಹೊಳೆಯಿತು. ಒಂದು ಹಾಳೆಯ ಮೇಲೆ ಗಂಡಸರಿಗೆ ಚೌಕ, ಹೆಂಗಸರಿಗೆ ಗುಂಡು ಎಳೆದು ವಂಶದ ಗೆರೆ ಕೂಡಿಸುತ್ತ, ಅಕ್ಕ ಯಾವುದರಿಂದ ಸತ್ತಳು, ಅಜ್ಜನಿಗೆ ಏನಾಗಿತ್ತು ಎಂದೆಲ್ಲ ಕೇಳಿದರು. ಇದು ವಂಶದಲ್ಲೇ ಬಂದಿರಬಹುದು, ಮಗನನ್ನೂ ಒಮ್ಮೆ ನೋಡಬೇಕಾದೀತು ಎಂದರು. ಫೋನಿನಲ್ಲಿ ಈ ಸುದ್ದಿ ಕೇಳಿದ ಚನ್ನೇಶ ಅವತ್ತಿನಿಂದಲೇ ಮಿರ್ಚಿ ಭಜಿ ತಿನ್ನುವುದನ್ನು ಬಿಟ್ಟ. ಶಿವಬಸವ್ವ ಆ ಹಾಳೆಯನ್ನು ನೋಡುತ್ತ ಸೆರಗಿನ ತುದಿ ಹಿಂಡುತ್ತಿದ್ದಳು. ಇಷ್ಟು ಓದಿದ ಮನುಷ್ಯ ಇಷ್ಟು ಚೆಂದದ ಚಿತ್ರ ಬರೆಯುತ್ತಿರುವಾಗ ಹೇಗೆ ತಡೆಯುವುದು ಎಂದು ಅವಳಿಗೆ ಪಾಪ ಅನ್ನಿಸಿತಂತೆ.

ಕ್ಯಾಮೆರಾ ಮಷೀನಿನ ಪಾಳಿಯಲ್ಲಿ ದ್ಯಾಮಪ್ಪನದು ಅದೇ ವಾರ ಬಂತು, ಶಿವಬಸವ್ವನದು ಮುಂದಿನ ವಾರ. ಅವನು ಹಿಂದಿನ ದಿನವೇ ವಾರ್ಡಿಗೆ ಸೇರಿದ. ಕರುಳು ಖಾಲಿಯಾಗಲೆಂದು ನೀರಿನಲ್ಲಿ ಪುಡಿ ಕಲಸಿ ದೊಡ್ಡ ಜಗ್ಗು ತುಂಬ ಕೊಟ್ಟರು. ಕುಡಿದ ಮೇಲೆ ಮೊದಲ ಎರಡು ಸಲ ಹೆಗಲಿಗೆ ಟವೆಲ್ ಹಾಕಿಕೊಂಡು, "ಸ್ವಲ್ಪ ಹೊರಗ ಹೋಗಿ ಬರ್ತೇನಿ" ಎಂದು ಹೆಂಡತಿಗೆ ಹೇಳಿ ಹೋದ. ಆಮೇಲೆ ಹೇಳಲು ಪುರುಸೊತ್ತು ಸಿಗಲಿಲ್ಲ. ಇಡೀ ವಾರ್ಡಿಗೆ ಇದ್ದ ಒಂದೇ ಪಾಯಖಾನೆಯ ಬಾಗಿಲು ನೇರವಾಗಿ ಜನ ಓಡಾಡುವ ಕಾರಿಡಾರಿಗೇ ತೆರೆಯುತ್ತಿತ್ತು. ಬೆಳಗಾಗುವಷ್ಟರಲ್ಲಿ ಅವನ ಮುಖ ಬಾಡಿ ಹೋಗಿತ್ತು. ಮಷೀನಿನ ಕೋಣೆಯ ಒಳಗೆ ಏನು ಮಾಡಿದರೆಂದು ಅವನು ಯಾರಿಗೂ ಹೇಳಲಿಲ್ಲ. ಹೊರಗೆ ಬಂದವನು ಗೋಡೆಯ ಕಡೆ ಮುಖ ಮಾಡಿ ಬಹಳ ಹೊತ್ತು ಮಲಗಿದ.

"ಏನೂ ಇಲ್ಲ ಯಜಮಾನ್ರೆ, ಕರುಳು ಸ್ವಚ್ಛ ಇದೆ" ಎಂದರು ಡಾಕ್ಟರ್. "ಈ ಟೆಸ್ಟ್ ಕೆಲವು ಸಲ ಸುಳ್ಳೇ ಪಾಸಿಟಿವ್ ತೋರಿಸುತ್ತೆ. ಆದರೆ ಅಮ್ಮನವರದು ಬೇರೆ, ಅವರು ಮುಂದಿನ ವಾರ ಬರಲೇಬೇಕು."

"ಆತ್ರಿ" ಎಂದ ದ್ಯಾಮಪ್ಪ. ಆದರೆ ಆ 'ಆತ್ರಿ' ಎಂಥದೆಂದು ಶಿವಬಸವ್ವನಿಗೆ ಗೊತ್ತಿತ್ತು. ನೀರಿನ ಪಾಳಿಯ ಜಗಳದಲ್ಲಿ ತೀರ್ಪು ಕೊಡುವ ಮೊದಲು ಸೋಲುವವನನ್ನು ಸುಮ್ಮನಾಗಿಸಲು ಹೇಳುವ 'ಆತು' ಅದು.

ಹಾನಗಲ್ ಸ್ಟ್ಯಾಂಡಿನಲ್ಲಿ ಇಳಿದು ಹಿರೇಕೆರೂರಿನ ಬಸ್ಸಿಗೆ ಕಾಯುವಾಗ ಅವನು ಮಂಡಕ್ಕಿ, ಮಿರ್ಚಿ ತರಿಸಿದ. ಹಸಿದ ಹೊಟ್ಟೆಗೆ ನಾಲ್ಕು ತುತ್ತು ಬಿದ್ದ ಮೇಲೆ ಮಾತು ಬಂತು.

"ನೀ ಹೋಗೂದು ಬ್ಯಾಡ. ನಂದು ಸುಳ್ಳಾತಲ್ಲ, ಅದ ಟೆಸ್ಟಿನಾಗ ನಿಂದೂ ಬಂದೈತಿ, ನಿಂದೂ ಸುಳ್ಳ. ನಾಳೆ ಕುಲಸುಮಬಿಗೆ ಹೇಳಿಬಿಡ್ತೇನಿ."

"ಡಾಕ್ಟರು ಬರಲೇಬೇಕಂದ್ರಲ್ರಿ."

"ಅವ್ರಿಗೇನ. ನಿನ್ನ ಅಂಥಾದ್ರಾಗ ನಾ ಕಳಸೂದಿಲ್ಲ. ಗಂಡಸ ನಾನ ತಡಕೊಳ್ಳಾಕ ಆಗಲಿಲ್ಲ. ಅಕ್ಕ ನನ್ನ ಕೈಯಾಗ ಕೊಟ್ಟು ಹೋಗ್ಯಾಳ ನಿನ್ನ. ಎಲ್ಲಾರ ಮುಂದ ಹಂಗ ಮಾಡಿಸ್ಕೋ ಅಂತ ಕೊಟ್ಟಿಲ್ಲ."

ಇದು ದ್ವೇಷದ ಮಾತಾಗಿದ್ದರೆ ಶಿವಬಸವ್ವ ಜಗಳವಾಡುತ್ತಿದ್ದಳೇನೋ. ಅವನ ಕಣ್ಣಲ್ಲಿದ್ದದ್ದು ಮರುಕ. ಅವಳು ಅವನನ್ನು ಆ ವಾರ್ಡಿಗೆ ದಬ್ಬಿದ್ದಳು, ಅವನು ಅವಳನ್ನು ಅದರಿಂದ ಉಳಿಸಲು ನೋಡುತ್ತಿದ್ದ. ಅವಳಿಗೆ ಅಳು ಬಂತು. ಅಳುವಿಗಿಂತ ಹೆಚ್ಚು ಹೆದರಿಕೆ ಬಂತು. ಎರಡು ದಿನದ ಹಿಂದೆ ಕಂಡ ರಕ್ತ ಮಜ್ಜಿಗೆಗೆ ಹೋಗುವ ರಕ್ತ ಆಗಿರಲಿಲ್ಲ.

"ಆ ಬಾಟ್ಲಿ ನಿಮ್ದಲ್ರಿ" ಎಂದಳು.

"ಯಾವ ಬಾಟ್ಲಿ?"

"ಕುಲಸುಮಬಿ ತಂದಿದ್ದು. ಟೆಸ್ಟ್ ಮಾಡಿದ್ದು ಸಾಲ್ಯಾಗ ತಗೊಂಡ ರಕ್ತ ಅಲ್ರಿ, ಆ ಬಾಟ್ಲ್ಯಾಗಿಂದು. ನೀವು ಕೊಡಾಂಗಿಲ್ಲ ಅಂದ್ರಿ. ಪಾಪ, ಆಕಿ ಬರಿಗೈಲೆ ಹೋಗ್ತಾಳಂತ ನಾನ ತುಂಬಿ ಕೊಟ್ಟೆ. ಎರಡೂ ನಂದರಿ."

 "ನನ್ನ ಹೆಸರಿನ ಬಾಟ್ಲ್ಯಾಗ ನಿಂದು..." ಎಂದ ದ್ಯಾಮಪ್ಪ. ಅರ್ಧ ತಿಂದ ಮಿರ್ಚಿಯನ್ನು ಪೇಪರಿನ ಮೇಲೆ ಇಟ್ಟು ಎದ್ದು ಹೋದ. ಬಸ್ಸು ಬಂದಾಗ ಅವಳ ಕಡೆ ನೋಡದೆ ಹತ್ತಿ ಹಿಂದಿನ ಸೀಟಿನಲ್ಲಿ ಕೂತ. ಅವಳು ಮುಂದೆ, ಹೆಂಗಸರ ಸೀಟಿನಲ್ಲಿ ಕೂತಳು.

ಮುಂದಿನದನ್ನು ನಾನು ಊಹಿಸಿ ಹೇಳುತ್ತಿಲ್ಲ. ಅದೇ ಸೀಟಿನಲ್ಲಿ ನಮ್ಮೂರಿನ ವೀರವ್ವ ಕೂತಿದ್ದಳು. ವೀರವ್ವನ ಕಿವಿಗೆ ಬಿದ್ದದ್ದು ಊರಿಗೆ ಬಿದ್ದ ಹಾಗೆ.

ತಿಳವಳ್ಳಿ ದಾಟುವವರೆಗೆ ದ್ಯಾಮಪ್ಪ ಕಿಟಕಿಯ ಹೊರಗೆ ಗೋವಿನಜೋಳದ ಹೊಲಗಳನ್ನೇ ನೋಡುತ್ತಿದ್ದನಂತೆ. ಆಮೇಲೆ ಒಮ್ಮೆಲೆ ಎದ್ದು, ಓಡುವ ಬಸ್ಸಿನಲ್ಲಿ ಸೀಟು ಹಿಡಿಯುತ್ತ ಹಿಡಿಯುತ್ತ ಮುಂದೆ ಬಂದು, ಹೆಂಡತಿಯ ಪಕ್ಕದ ಕಂಬ ಹಿಡಿದು ನಿಂತ. ಸಿಟ್ಟು ತೀರಿಸಿಕೊಳ್ಳಲು ಬಂದನೆಂದು ವೀರವ್ವ ಸರಿದು ಕೂತಳು.

"ಎರಡೂ ನಿಂದ, ಹೌದಲ್ಲ?"

"ಹೌದ್ರಿ."

"ಎರಡರಾಗೂ ಬಂತಲ್ಲ?"

"ಹೌದ್ರಿ."

"ಹಂಗಾದ್ರ ಸುಳ್ಳಲ್ಲ ಅದು." ಅವನ ದನಿ ಕೆಳಗಿಳಿಯಿತು. "ರಕ್ತ ಕಣ್ಣಿಗೆ ಕಾಣಸ್ತೈತೇನ?"

ಶಿವಬಸವ್ವ ಹೌದೆಂದು ತಲೆಯಾಡಿಸಿದಳು.

"ಯಾವಾಗಿಂದ?"

"ಯುಗಾದಿಂದ್ರಿ."

"ನನಗ ಯಾಕ ಹೇಳಲಿಲ್ಲ?"

ಅವಳು ತಲೆಯ ಮೇಲಿನ ಸೆರಗು ಸರಿಮಾಡಿಕೊಂಡಳು. ಉತ್ತರ ಅವನಿಗೆ ಹೊಳೆದಿರಬೇಕು.  ಆಮೇಲೆ ಬಸ್ಸಿನ ಸದ್ದಿನ ಮೇಲೆ ಕೇಳಿಸುವಷ್ಟು ದೊಡ್ಡ ದನಿಯಲ್ಲಿ ಶುರುಮಾಡಿದ.

"ಆ ನೀರು ಒಂದ ಸಲಕ್ಕ ಕುಡೀಬ್ಯಾಡ, ವಾಂತಿ ಬಂದಂಗ ಆಕ್ಕೈತಿ. ಉಪ್ಪುಪ್ಪು ಇರ್ತೈತಿ. ಒಂದೊಂದ ಗ್ಲಾಸ ಕುಡದು ಅಡ್ಡಾಡು. ಮೂರನೇ ಗ್ಲಾಸಿಗೆ ಹೊಟ್ಟಿ ಗುಡುಗುಡು ಅಂತೈತಿ, ಅಂಜಬ್ಯಾಡ. ಕುಂತರ ಏಳಾಕ ಬಿಡೂದಿಲ್ಲ. ಕಡೀಕ ಬರೇ ನೀರ ಬರ್ತೈತಿ, ಹಳದಿ ನೀರು. ಅದು ಬಂತಂದ್ರ ಕರುಳು ಸ್ವಚ್ಛ ಆತಂತ ತಿಳ್ಕೊ. ಪೈಪ್ ಹಾಕೂ ಮುಂದ ಒಂದ ಇಂಜೆಕ್ಷನ್ ಕೊಡ್ತಾರ, ಮಂಪರ ಬರ್ತೈತಿ. ಮ್ಯಾಲೊಂದ ಬಟ್ಟಿ ಹೊಚ್ಚಿರ್ತಾರ, ಯಾರಿಗೂ ಏನೂ ಕಾಣಸೂದಿಲ್ಲ. ನಾ ಹೋಗಿ ಬಂದೇನಲ್ಲ, ನನಗ ಗೊತ್ತೈತಿ."

ವೀರವ್ವ ಇದನ್ನು ಹೇಳುವಾಗ ಮೊದಮೊದಲು ನಗುತ್ತಿದ್ದಳು. ಈಗ ನಗುವುದಿಲ್ಲ.

ಮುಂದಿನ ವಾರದವರೆಗೂ ಅವನು ಕಾಯಲಿಲ್ಲ. ಮರುದಿನವೇ ಕುಲಸುಮಬಿಯ ಮನೆಗೆ ಹೋಗಿ ಅವಳ ಫೋನಿನಿಂದಲೇ ಡಾಕ್ಟರ್ ಪ್ರಭುಗೆ ಎಲ್ಲವನ್ನೂ ಹೇಳಿದ.  ಚೌಕ, ಗುಂಡು ಬರೆದ ಹಾಳೆ ಅವತ್ತೇ ಕಸದ ಬುಟ್ಟಿಗೆ ಹೋಯಿತು, ಚನ್ನೇಶನಿಗೆ ಮಿರ್ಚಿ ಮರಳಿ ಸಿಕ್ಕಿತು. ನಿಮ್ಮ ಹೆಸರನ್ನು ಸಂಶೋಧನೆಯಿಂದ ತೆಗೆದುಹಾಕಬೇಕಾಗುತ್ತದೆ ಎಂದು ಡಾಕ್ಟರ್ ಹೇಳಿದಾಗ, ಇನ್ನೊಂದು ಬಾಟಲಿ ಕೊಟ್ಟರೆ ತುಂಬಿಕೊಡುತ್ತೇನೆ ಎಂದ ದ್ಯಾಮಪ್ಪ. ಪೈಪೇ ಹಾಕಿ ನೋಡಿದ ಮೇಲೆ ಬಾಟಲಿ ಯಾಕೆ ಎಂದು ಅವರು ನಕ್ಕರು.

ವಾರ್ಡಿನಲ್ಲಿ ಶಿವಬಸವ್ವನಿಗೆ ಗ್ಲಾಸು ಗ್ಲಾಸಾಗಿ ಆ ನೀರು ಕುಡಿಸಿದವನು ಅವನೇ. ಎಡಗಡೆಯ ಕರುಳಿನಲ್ಲಿ ಗಡ್ಡೆ ಸಿಕ್ಕಿತು, ಕ್ಯಾನ್ಸರೇ. ಸ್ಕ್ಯಾನಿನಲ್ಲಿ ಲಿವರಿಗೆ ಹೋದಂತೆ ಕಾಣಲಿಲ್ಲ. ಆಪರೇಷನ್ ಮಾಡಿ, ಗಡ್ಡೆ ಇದ್ದ ತುಂಡನ್ನು ಕತ್ತರಿಸಿ ತೆಗೆದು, ಎರಡೂ ತುದಿಗಳನ್ನು ಜೋಡಿಸಿದರು. ಜೋಡಣೆ ನಿಂತರೆ ಗೆದ್ದಂತೆ ಎಂದರು ಡಾಕ್ಟರ್. ಅದು ಸೋರಿದರೆ ಮತ್ತೆ ಹೊಟ್ಟೆ ತೆರೆಯಬೇಕು, ಆಗ ಜೀವದ ಮಾತು ಹೇಳಲಾಗುವುದಿಲ್ಲ. ಕರುಳು ಮತ್ತೆ ಕೆಲಸಕ್ಕೆ ಹತ್ತಿತು ಎಂಬುದಕ್ಕೆ ಮೊದಲ ಗುರುತು ಗಾಳಿ ಹೋಗುವುದು.

ಗಾಳಿ ಹೋಗಲಿಲ್ಲ. ಎರಡನೆಯ ದಿನ ಹೊಟ್ಟೆ ಉಬ್ಬಿತು. ಮೂರನೆಯ ದಿನ ಇನ್ನಷ್ಟು ಬಿಗಿಯಾಯಿತು, ಸಣ್ಣಗೆ ಜ್ವರ ಬಂತು. ಡಾಕ್ಟರ್ ಪ್ರಭು ಬಂದು ಹೊಟ್ಟೆಯ ಮೇಲೆ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. ಅವರ ಮುಖ ನೋಡಿದ ನೀಲಾಂಬಿಕಾ ಕಾರಿಡಾರಿಗೆ ಹೋಗಿ ಅತ್ತಳು. ಸಂಜೆಯವರೆಗೆ ನೋಡೋಣ, ಆಗದಿದ್ದರೆ ಮತ್ತೆ ಸ್ಕ್ಯಾನ್ ಮಾಡಿ ತೀರ್ಮಾನ ಮಾಡೋಣ ಎಂದು ಹೇಳಿ ಅವರು ಹೋದರು. ದ್ಯಾಮಪ್ಪ ಸ್ಟೂಲಿನ ಮೇಲೆ ಕೂತಿದ್ದವನು ಏಳಲೇ ಇಲ್ಲ. ನರ್ಸು ಹೇಳಿದಂತೆ ಅವಳನ್ನು ಹಿಡಿದು ನಾಲ್ಕು ಹೆಜ್ಜೆ ನಡೆಸುವುದು, ಮಲಗಿಸುವುದು, ಮಗ್ಗುಲು ತಿರುಗಿಸುವುದು, "ಆತೇನ" ಎಂದು ಕೇಳುವುದು. ಅವಳು ಪ್ರತಿ ಸಲವೂ ಇಲ್ಲವೆಂದು ತಲೆ ಅಲ್ಲಾಡಿಸುವುದು.

ನಾಲ್ಕು ಗಂಟೆಗೆ ನೋಡಲು ಬರುವವರ ಹೊತ್ತು. ವಾರ್ಡು ತುಂಬಿತ್ತು. ಹಣ್ಣು ಹಿಡಿದು ಬಂದವರು, ಮಕ್ಕಳು, ಸವಣೂರಿನ ಕಡೆಯ ಬೀಗರು, ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು. ನಾನೂ ಮಂಚದ ಕಾಲ ಬಳಿ ಕೈಚೀಲ ಹಿಡಿದು ನಿಂತಿದ್ದೆ. ಶಿವಬಸವ್ವ ಗಂಡನ ತೋಳು ಮುಟ್ಟಿದಳು. ಅವನು ಬಗ್ಗಿದ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು, ನಾಚಿಕೆಯಿಂದ ಕಣ್ಣೂ ಮುಚ್ಚಿಕೊಂಡು ಅಂದಳು:

"ಹೋತ್ರಿ."

"ಏನ ಹೋತು?"

ಅವಳು ಕಣ್ಣು ತೆರೆಯಲಿಲ್ಲ. ಅವನಿಗೆ ತಿಳಿಯಿತು. ನೆಟ್ಟಗೆ ನಿಂತ. ಕಾರಿಡಾರಿನ ಆ ತುದಿಯಲ್ಲಿ ಡಾಕ್ಟರ್ ಪ್ರಭು ಕಲಿಯುವ ಹುಡುಗ ಹುಡುಗಿಯರ ನಡುವೆ ನಿಂತು ಏನೋ ವಿವರಿಸುತ್ತಿದ್ದರು. ದ್ಯಾಮಪ್ಪ ವಾರ್ಡಿನ ಬಾಗಿಲಿಗೆ ಹೋಗಿ, ಕಾಲುವೆಯ ಈ ದಂಡೆಯಿಂದ ಆ ದಂಡೆಗೆ ಕರೆಯುವ ದನಿಯಲ್ಲಿ ಕೂಗಿದ.

"ಡಾಕ್ಟರ್ರ, ನಮ್ಮಾಕಿ ಹೂಸು ಬಿಟ್ಳ್ರಿ."

ಇಡೀ ವಾರ್ಡು ಮಾತು ನಿಲ್ಲಿಸಿ ಅವನ ಕಡೆ ತಿರುಗಿತು. ಡಾಕ್ಟರಿಗೆ ಕೇಳಿಸಲಿಲ್ಲವೇನೋ ಎಂದು ಅವನು ಅದನ್ನೇ ಇನ್ನೊಮ್ಮೆ, ಮೊದಲಿಗಿಂತ ಜೋರಾಗಿ ಕೂಗಿದ. ಎರಡು ಕೆನ್ನೆಯ ಮೇಲೂ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳಬೇಕೆಂದೂ ಅವನಿಗೆ ನೆನಪಾಗಲಿಲ್ಲ.